ಪ್ರಾಸ್ಟೇಟಿನ ನೀರುಗುಳ್ಳೆಯವರಿಗೆ ಜಮಖಂಡಿಯಿಂದ ಒಂದು ತಕರಾರು ಅರ್ಜಿ

ಇವರಿಗೆ,
ಮಾನ್ಯ ನೀರುಗುಳ್ಳೆಯವರು,
ಪ್ರಾಸ್ಟೇಟ್ ಗ್ರಂಥಿಯ ಒಳಭಾಗ, ಮೂತ್ರಕೋಶದ ಕೊರಳಿನ ಹತ್ತಿರ,
ನನ್ನ ಮೊಮ್ಮಗ ಯಲ್ಲಾಲಿಂಗನ ದೇಹ.

ವಿಷಯ: ಸರ್ವೆ ಮಾಡದೆ, ನೋಟೀಸು ಕೊಡದೆ ಇಪ್ಪತ್ತೈದು ವರ್ಷದ ಹುಡುಗನ ಒಳಗೆ ಆಣೆಕಟ್ಟು ಕಟ್ಟಿದ ಕುರಿತು.

ಮಾನ್ಯರೇ,

ಬೀರೇಶ್ವರನ ದಯೆಯಿಂದ ನಾವೆಲ್ಲರೂ ಇಲ್ಲಿ ಈಗಷ್ಟೇ ಕ್ಷೇಮವಾಗಿದ್ದೇವೆ. ತಮ್ಮ ಸಮಾಚಾರವನ್ನು ಮಿರಜದ ಡಾಕ್ಟರರ ವರದಿಯಲ್ಲಿ ಉದ್ದಗಲದ ಅಳತೆ ಸಹಿತ ಓದಿರುವುದರಿಂದ ಬೇರೆಯಾಗಿ ವಿಚಾರಿಸುವ ಅಗತ್ಯ ಕಾಣಲಿಲ್ಲ. ಹೋದ ತಿಂಗಳ ಇಪ್ಪತ್ತೊಂದನೆಯ ತಾರೀಖು ತಮ್ಮ ಮೇಲ್ಛಾವಣಿಯನ್ನು ತೆಗೆದುಹಾಕಲಾಗಿದ್ದು, ತಾವು ಈಗ ಅಧಿಕಾರದಲ್ಲಿಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಅಧಿಕಾರಿಗಳು ಎದ್ದುಹೋದ ಮೇಲೆ ಅವರ ಖಾಲಿ ಕುರ್ಚಿಗೆ ಅರ್ಜಿ ಕೊಡುವುದು ನನಗೆ ಹೊಸದಲ್ಲ.

ನಾನು ಮ್ಯಾಟ್ರಿಕ್‌ವರೆಗೆ ಓದಿದವಳು. ಬೀಳಗಿ ತಾಲೂಕಿನ ಹೊಳೆದಂಡೆಯ ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿದಾಗ ಊರಿನ ಅರ್ಜಿಗಳನ್ನೆಲ್ಲ ಬರೆದವಳು ನಾನೇ. ಆ ಆಣೆಕಟ್ಟಿನವರನ್ನು ನಾನು ಬಹಳ ಬೈದಿದ್ದೇನೆ. ತಮ್ಮನ್ನು ಕಂಡ ಮೇಲೆ ಅವರ ಬಗ್ಗೆ ಗೌರವ ಹುಟ್ಟಿದೆ. ಅವರು ಮೊದಲು ಸರ್ವೆಯವರನ್ನು ಕಳಿಸಿದರು, ಕಲ್ಲು ನೆಟ್ಟರು, ಚಾವಡಿಯ ಗೋಡೆಗೆ ನೋಟೀಸು ಹಚ್ಚಿದರು, ನೀರು ಎಲ್ಲಿಯವರೆಗೆ ಏರುತ್ತದೆಂದು ನಮ್ಮ ಗೋಡೆಗಳ ಮೇಲೆಯೇ ಗುರುತು ಬರೆದು ತೋರಿಸಿದರು. ತಾವಾದರೋ ಬೋರೆಹಣ್ಣಿನಷ್ಟು ಗಾತ್ರದವರು, ಒಂದು ಚಮಚಕ್ಕಿಂತ ಕಡಿಮೆ ನೀರಿನ ಒಡೆಯರು, ಯಾರನ್ನೂ ಕೇಳದೆ ಯಾರಿಗೂ ಹೇಳದೆ ಒಬ್ಬ ಗಟ್ಟಿಮುಟ್ಟಾದ ಹುಡುಗನ ಮೂತ್ರದ ದಾರಿಗೆ ಅಡ್ಡಲಾಗಿ ಕೂತು, ಹಿನ್ನೀರು ಮೂತ್ರಪಿಂಡದ ಮೆಟ್ಟಿಲು ಮುಟ್ಟುವವರೆಗೆ ಕೂತೇ ಇದ್ದಿರಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಮುಳುಗಡೆ ಮಾಡಿದ ಇಂಜಿನಿಯರರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಯಲ್ಲಾಲಿಂಗ ಬನಹಟ್ಟಿಯಲ್ಲಿ ಪವರ್‌ಲೂಮ್‌ಗಳನ್ನು ರಿಪೇರಿ ಮಾಡುತ್ತಾನೆ. ಯಾವ ಮಗ್ಗ ಕೆಟ್ಟರೂ ಅದರ ಸಪ್ಪಳ ಕೇಳಿಯೇ ಎಲ್ಲಿ ಸಿಕ್ಕಿಬಿದ್ದಿದೆ ಎಂದು ಹೇಳಬಲ್ಲ ಹುಡುಗ. ಅವನಿಗೆ ಚಿಮ್ಮಡದ ಧರೆಪ್ಪನವರ ಮಗಳು ವೈಶಾಲಿಯನ್ನು ಗೊತ್ತುಮಾಡಿ, ನಿಶ್ಚಯದ ಸೀರೆ ಉಡಿಸಿ ಬಂದವಳು ನಾನು. ಅದಾದ ತಿಂಗಳಲ್ಲೇ ಅವನು ದಿನಕ್ಕೆ ಆರೇಳು ಸಲ ಮನೆಯ ಹಿಂದಿನ ಗೋಡೆಯ ಕಡೆ ಹೋಗಿ ಕಾಲು ಗಂಟೆ ನಿಲ್ಲತೊಡಗಿದ. ಹೋಗುವಾಗ ಕಿವಿಗೆ ಮೊಬೈಲು ಹಚ್ಚಿಕೊಂಡು ಹೋಗುತ್ತಿದ್ದ. ಮನೆಯವರೆಲ್ಲ ಮುಸಿಮುಸಿ ನಕ್ಕೆವು. ನನ್ನ ಸೊಸೆ ಶೇವಂತಿ, ಅಂದರೆ ಅವನ ತಾಯಿ, "ಲಗ್ನಾಗೂತನಕ ಇಷ್ಟ ಮಾತ ಖರ್ಚ ಮಾಡಿದ್ರ ಆಮ್ಯಾಲೆ ಏನ ಮಾತಾಡತಾನೋ ಏನೋ" ಎಂದು ಚೇಷ್ಟೆ ಮಾಡಿದಳು. ಆ ಮೊಬೈಲಿನ ಆ ಕಡೆ ಯಾರೂ ಇರುತ್ತಿರಲಿಲ್ಲ ಎಂಬುದು ತಮಗೊಬ್ಬರಿಗೇ ಗೊತ್ತಿತ್ತು. ಹುಡುಗ ಗೋಡೆಗೆ ಹಣೆ ಹಚ್ಚಿ, ಹಲ್ಲು ಕಚ್ಚಿ, ತಮ್ಮ ಅಪ್ಪಣೆಗಾಗಿ ಕಾಯುತ್ತಿದ್ದ. ತಾವು ಹನಿಹನಿಯಾಗಿ ಬಿಡುತ್ತಿದ್ದಿರಿ, ನಡುವೆ ನಿಲ್ಲಿಸುತ್ತಿದ್ದಿರಿ, ಮತ್ತೆ ಬಿಡುತ್ತಿದ್ದಿರಿ. ಕಾಲುವೆಯ ಕೊನೆಯ ಹೊಲದವರು ಕೂಡ ಇದಕ್ಕಿಂತ ಹೆಚ್ಚು ಮರ್ಯಾದೆಯಿಂದ ನೀರು ಪಡೆಯುತ್ತಾರೆ.

ತಮ್ಮ ಅಡಗುತಾಣದ ಆಯ್ಕೆಯನ್ನು ಹೊಗಳದೆ ಮುಂದೆ ಹೋಗಲಾರೆ. ಪ್ರಾಸ್ಟೇಟ್ ಎಂದರೆ ಅರವತ್ತು ದಾಟಿದವರ ತೊಂದರೆ ಎಂದು ಲೋಕವೆಲ್ಲ ನಂಬಿರುವಾಗ, ಇಪ್ಪತ್ತೈದರ ಹುಡುಗನಲ್ಲಿ ಅದನ್ನು ಹುಡುಕುವವರು ಯಾರು? ಮೊದಲನೆಯ ವೈದ್ಯರು ಉಷ್ಣವೆಂದು ಹೇಳಿ ಗುಳಿಗೆ ಕೊಟ್ಟರು. ಎರಡನೆಯವರು ಬಾಗಿಲು ಹಾಕಿಕೊಂಡು, ಹೊರಗೆ ಕೂತ ನನಗೂ ಕೇಳುವಂತೆ, "ಖರೆ ಹೇಳು, ಎಲ್ಲೆರೆ ಹೋಗಿದ್ದೇನು?" ಎಂದು ಕೇಳಿದರು. ಹುಡುಗ ಹೊರಗೆ ಬಂದಾಗ ಅವನ ಕಿವಿಗಳು ಕೆಂಪಾಗಿದ್ದವು. ಮೂರನೆಯವರು ಇದು ಮದುವೆಯ ಅಂಜಿಕೆ ಎಂದರು. "ಲಗ್ನ ಮಾಡಿಬಿಡ್ರಿ, ತಾನ ಸರಳ ಆಗತೈತಿ" ಎಂದು ಚೀಟಿಯನ್ನೂ ಬರೆಯದೆ ಕಳಿಸಿದರು. ಮೂವರೂ ಕಲಿತವರು, ಮೂವರೂ ಹುಡುಗನ ಹೊಟ್ಟೆಯ ಮೇಲೆ ಕೈಯಿಡಲಿಲ್ಲ.

ಸರಿಯಾದ ಮಾತು ಹೇಳಿದವರು ಒಬ್ಬರೇ, ನಮ್ಮ ಹಿಂದಿನ ಮನೆಯ ಎಪ್ಪತ್ತೆರಡು ವರ್ಷದ ಶಿವಯೋಗೆಪ್ಪ. ತಮ್ಮ ಸ್ವಂತ ಪ್ರಾಸ್ಟೇಟಿನ ಕಾರಣ ಅವರೂ ಅದೇ ಗೋಡೆಯ ಆಚೆ ಬದಿಗೆ ನಿಲ್ಲುತ್ತಿದ್ದರು. "ಸತ್ಯವ್ವಾ, ನಾ ಬಂದು ನಿಂತು ಹೋಗತೀನಿ, ನಿನ್ನ ಮೊಮ್ಮಗ ಇನ್ನೂ ನಿಂತಾಂವ ನಿಂತ ಇರತಾನ. ಇದು ನನ್ನ ಬ್ಯಾನೀನ ಐತಿ ನೋಡು" ಎಂದರು. ನಾನು, "ನಿಮ್ಮ ಬ್ಯಾನಿ ನಿಮ್ಮ ಹತ್ತರ ಇರಲಿ, ನಮ್ಮ ಹುಡುಗ ಇನ್ನೂ ಲಗ್ನ ಆಗಬೇಕಾದಾಂವ" ಎಂದು ಬಾಯಿ ಮುಚ್ಚಿಸಿದೆ. ಅವರ ಮಾತು ಕೇಳಿದ್ದರೆ ತಾವು ಎರಡು ತಿಂಗಳು ಮೊದಲೇ ಸಿಕ್ಕಿಬೀಳುತ್ತಿದ್ದಿರಿ. ತಮಗೆ ನನ್ನಿಂದ ಆದ ಈ ಉಪಕಾರವನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಇನ್ನೂ ದೊಡ್ಡ ಉಪಕಾರ ಮುಂದಿದೆ. ಹುಡುಗನಿಗೆ ಜ್ವರ ಬಂದು ಸುದ್ದಿ ಚಿಮ್ಮಡಕ್ಕೆ ಮುಟ್ಟಿದಾಗ ಧರೆಪ್ಪನವರು ಫೋನು ಮಾಡಿ ಏನಾಯಿತೆಂದು ಕೇಳಿದರು. ಏನು ಹೇಳುವುದು? ಉಷ್ಣವೆಂದರೆ ನಗುತ್ತಾರೆ, ಎರಡನೆಯ ವೈದ್ಯರ ಮಾತು ಹೇಳಿದರೆ ಸಂಬಂಧ ಮುರಿಯುತ್ತದೆ, ಮೂರನೆಯವರ ಮಾತು ಹೇಳಿದರೆ ಅದಕ್ಕಿಂತ ಮೊದಲೇ ಮುರಿಯುತ್ತದೆ. ನಮ್ಮ ಕಡೆ ಮೂತ್ರದ ತೊಂದರೆಗಳಲ್ಲಿ ಮರ್ಯಾದಸ್ತ ತೊಂದರೆ ಎಂದರೆ ಹರಳು ಒಂದೇ. ಬೋರಿನ ನೀರು ಕುಡಿಯುವ ಎಲ್ಲ ಒಳ್ಳೆಯ ಮನೆತನಗಳಲ್ಲೂ ಒಬ್ಬರಿಗಾದರೂ ಹರಳಿರುತ್ತದೆ. ಬಿದ್ದ ಹರಳನ್ನು ಡಬ್ಬಿಯಲ್ಲಿಟ್ಟು, ಬಂದ ಬೀಗರಿಗೆ ಚಹಾ ಕೊಟ್ಟ ಮೇಲೆ ತೋರಿಸುವ ರೂಢಿಯೂ ಇದೆ. ಆದ್ದರಿಂದ ನಾನು ಯಾವ ಪರೀಕ್ಷೆಯೂ ಇಲ್ಲದೆ, ಯಾವ ಡಾಕ್ಟರರ ಸಹಾಯವೂ ಇಲ್ಲದೆ, ಹರಳಾಗಿದೆ ಎಂದು ಹೇಳಿಬಿಟ್ಟೆ. ಧರೆಪ್ಪನವರ ಸಂತೋಷಕ್ಕೆ ಪಾರವಿರಲಿಲ್ಲ. "ಹರಳೇನ್ರಿ ಅವ್ವಾರ? ಅಷ್ಟ ಏನು! ನನ್ವು ಎರಡ ಬಿದ್ದಾವ್ರಿ. ನಮ್ಮ ಜಕ್ಕಪ್ಪ ಅದಾನಲ್ರಿ, ಹೀರಿ ತಗದಬಿಡತಾನ. ನಾನ ಕರಕೊಂಡ ಹೊಕ್ಕೀನಿ" ಎಂದರು.

ಹರಳು ಹೀರುವ ನಾಟಿ ವೈದ್ಯ, ಹೊಳೆಯಾಚೆಯ ಜಕ್ಕಪ್ಪ ಹುಡುಗನನ್ನು ಮಲಗಿಸಿ, ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ತಾಮ್ರದ ಕೊಳವೆಯ ಒಂದು ತುದಿಯನ್ನು ಹೊಕ್ಕುಳಿನ ಕೆಳಗೆ, ಇನ್ನೊಂದನ್ನು ಬಾಯಿಗೆ ಇಟ್ಟುಕೊಂಡು, ನಮ್ಮೆಲ್ಲರಿಗೂ ಬೀರಪ್ಪನನ್ನು ನೆನೆದು ಕಣ್ಣು ಮುಚ್ಚಲು ಹೇಳಿ, ಹೀರಿದ. ಕಣ್ಣು ತೆರೆದಾಗ ಹಿತ್ತಾಳೆ ಬಟ್ಟಲಿನಲ್ಲಿ ಟಣ್ ಎಂದು ಮೂರು ಸಲ ಸಪ್ಪಳವಾಯಿತು. ಮೂರು ಹರಳು. ಧರೆಪ್ಪನವರಿಗಿಂತ ಒಂದು ಹೆಚ್ಚು ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಸುಣ್ಣದ ಡಬ್ಬಿಯನ್ನು ತೊಳೆದು ಅವುಗಳನ್ನು ಹಾಕಿಟ್ಟೆ. ದಿನಕ್ಕೆ ಐದು ಲೀಟರು ನೀರು ಕುಡಿಯಬೇಕೆಂದು ಜಕ್ಕಪ್ಪ ಹೇಳಿದ್ದನ್ನು ನಾನು ತಪ್ಪದೆ ನಡೆಸಿದೆ. ಗೇಟು ಮುಚ್ಚಿದ ಕೆರೆಗೆ ಮೇಲಿನಿಂದ ನೀರು ಬಿಡಿಸಿದವಳು ನಾನು, ಮಾನ್ಯರೇ. ತಮಗೆ ಇಂಥ ನಿಷ್ಠೆಯ ಸೇವಕಿ ಎಲ್ಲಿ ಸಿಕ್ಕಾಳು?

ಎಂಟು ದಿನಗಳ ನಂತರ ಹರಳುಗಳನ್ನು ತೋರಿಸಲು ಹುಡುಗನೊಂದಿಗೆ ಚಿಮ್ಮಡಕ್ಕೆ ಹೋದೆ. ಹರಳಿನ ರೋಗಿ ಬಂದಿದ್ದಾನೆಂದು ಬೀಗರ ಮನೆಯಲ್ಲಿ ಮೊದಲು ಮಜ್ಜಿಗೆ, ಆಮೇಲೆ ಬಾರ್ಲಿ ನೀರು, ಆಮೇಲೆ ಎಳನೀರು, ಮತ್ತೆ ಮಜ್ಜಿಗೆ. ಕೊನೆಯ ತಂಬಿಗೆ ತಂದವಳು ವೈಶಾಲಿ. ಹುಡುಗನ ಮುಖ ನೋಡಿ, "ಸಾಕಾಗಿದ್ರ ಬಿಡ್ರಿ" ಎಂದು ಮೆಲ್ಲಗೆ ಹೇಳಿದಳು. ಬೀಗರ ಮನೆಯಲ್ಲಿ ತಂಬಿಗೆ ಹಿಂದಕ್ಕೆ ಕಳಿಸುವುದು ನಮ್ಮ ಮನೆತನದಲ್ಲಿ ಇಲ್ಲವಾದ್ದರಿಂದ ನಾನು "ಕುಡಿಯೋ" ಎಂದೆ. ಅವನು ಕುಡಿದ.

ಜಮಖಂಡಿಗೆ ಮರಳುವ ಬಸ್ಸು ಅರ್ಧ ದಾರಿಗೆ ಬರುವಷ್ಟರಲ್ಲಿ ಹುಡುಗ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಬೆವರತೊಡಗಿದ. ಕಂಡಕ್ಟರು ಪುಣ್ಯವಂತ, ಗಂಟೆ ಹೊಡೆದು ಬಸ್ಸು ನಿಲ್ಲಿಸಿದ. ಜಾಲಿಕಂಟಿಯ ಮರೆಯಲ್ಲಿ ನಿಂತ ಹುಡುಗನಿಂದ ಒಂದು ಹನಿಯೂ ಬರಲಿಲ್ಲ. ಬಸ್ಸಿನ ಎಲ್ಲ ಕಿಟಕಿಗಳಿಂದಲೂ ಸಲಹೆಗಳು ಬಂದವು. "ತಮ್ಮಾ, ಕುಂತ ನೋಡು, ನಿಂತ್ರ ಬರೂದಿಲ್ಲ!" ಎಂದು ಒಬ್ಬರು, "ಬಾಟ್ಲಿಯಿಂದ ನೀರ ಸುರೀರಿ, ಸಪ್ಪಳ ಕೇಳಿದ್ರ ತಾನ ಬರತೈತಿ" ಎಂದು ಇನ್ನೊಬ್ಬರು; ಒಬ್ಬ ಹೆಣ್ಣುಮಗಳಂತೂ ತನ್ನ ಬಾಟಲಿಯ ನೀರನ್ನು ಕಿಟಕಿಯಿಂದ ಸುರಿದೇಬಿಟ್ಟಳು. ನಮ್ಮ ಮನೆತನದ ಹುಡುಗನೊಬ್ಬ ನಲವತ್ತು ಜನರ ಮುಂದೆ ಹೊಟ್ಟೆ ಹಿಡಿದುಕೊಂಡು ರಸ್ತೆಯ ಮೇಲೆ ಕುಸಿದು ಕೂತದ್ದನ್ನು ನಾನು ಕಣ್ಣಾರೆ ನೋಡಿದೆ. "ಆಯಿ, ಇನ್ನ ಆಗೂದಿಲ್ಲ" ಎಂದ. ಸಣ್ಣವನಿದ್ದಾಗ ಬಿದ್ದು ಮೊಣಕಾಲಿನ ಎಲುಬು ಕಂಡಾಗಲೂ ಅವನು ಹಾಗೆ ಹೇಳಿದವನಲ್ಲ. ತಮ್ಮ ಎಲ್ಲ ಸಾಧನೆಗಳ ನಡುವೆ ಇದನ್ನು ನಾನು ಕ್ಷಮಿಸುವುದಿಲ್ಲ.

ಜಮಖಂಡಿಯ ಆಸ್ಪತ್ರೆಯಲ್ಲಿ ನರ್ಸಬಾಯಿಯವರು ನಳಿಕೆ ಹಾಕಿದಾಗ ಒಂದೂವರೆ ಲೀಟರಿಗಿಂತ ಹೆಚ್ಚು ಹೊರಬಂತು. ಮರುದಿನವೇ ಮಿರಜಕ್ಕೆ ಹೋದೆವು. ಅಲ್ಲಿ ಮೂತ್ರರೋಗ ನೋಡುವ ಡಾಕ್ಟರ್ ವೇದವ್ಯಾಸ ಎಂಬವರು ಮೂಲತಃ ಜಮಖಂಡಿಯವರೇ. ನಾನು ಡಬ್ಬಿ ತೆರೆದು ಮೂರು ಹರಳುಗಳನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಮರ್ಯಾದೆಯಿಂದ ತಿರುಗಿಸಿ ನೋಡಿ, "ಭಾಳ ಛಲೋ ಅದಾವ್ರಿ ಅಜ್ಜಿ. ಆದ್ರ ಇವು ಹೊಳ್ಯಾಗಿನ್ವು. ಇದಕ್ಕ ಬಸವನಹುಳದ ಚಿಪ್ಪ ಹತ್ತೈತಿ ನೋಡ್ರಿ" ಎಂದರು. ಅಷ್ಟು ದಿನ ಡಬ್ಬಿಯಲ್ಲಿಟ್ಟು ತೋರಿಸುತ್ತ ತಿರುಗಿದ ನನ್ನ ಕಣ್ಣಿಗೆ ಆ ಚಿಪ್ಪು ಕಂಡಿರಲಿಲ್ಲ.

ಕೆಲವು ದಿನಗಳಾದ ಮೇಲೆ ನಳಿಕೆ ತೆಗೆದು, ಲಾಳಿಕೆಯಂತಹ ಒಂದು ಯಂತ್ರದಲ್ಲಿ ಹುಡುಗನಿಗೆ ಮೂತ್ರ ಮಾಡಲು ಹೇಳಿದರು. ಆ ಯಂತ್ರ ಮೂತ್ರದ ವೇಗವನ್ನು ಅಳೆದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಗುಡ್ಡದಂತೆ ಏರಿ ಇಳಿಯಬೇಕಾದ ಗೆರೆ ನೆಲಕ್ಕೆ ಅಂಟಿಕೊಂಡೇ ಹೋಯಿತು. ಆಮೇಲೆ ಹಿಂಬದಿಯ ದಾರಿಯಿಂದ ಒಂದು ಸಣ್ಣ ಸ್ಕ್ಯಾನಿಂಗ್ ಮಾಡಿದರು. ಅದರ ಬಗ್ಗೆ ಹುಡುಗ ನನಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದರಲ್ಲಿ ತಾವು ಸಿಕ್ಕಿರಿ, ದುಂಡಗೆ, ಕಪ್ಪಗೆ, ತುಂಬಿದ ಮನೆಯಲ್ಲಿ ಕೂತ ಬಾಡಿಗೆದಾರರಂತೆ ನಿಶ್ಚಿಂತೆಯಿಂದ. ಡಾಕ್ಟರರು ಚಿತ್ರ ಬರೆದು ತೋರಿಸಿದರು. ತಮ್ಮಂಥವರು ಎಷ್ಟೋ ಗಂಡಸರಲ್ಲಿ ಸದ್ದಿಲ್ಲದೆ ಇದ್ದು ಯಾರಿಗೂ ತೊಂದರೆ ಕೊಡುವುದಿಲ್ಲವಂತೆ, ಅಂಥವರನ್ನು ಮುಟ್ಟುವುದೂ ಬೇಡವಂತೆ. ತಾವು ಮಾತ್ರ ಮೂತ್ರಕೋಶದ ಬಾಯಿಗೆ ಸರಿಯಾಗಿ ಉಬ್ಬಿ, ಹುಡುಗ ತಿಣುಕಿದಷ್ಟೂ ಬಾಗಿಲನ್ನು ಬಿಗಿಯಾಗಿ ಮುಚ್ಚುತ್ತಿದ್ದಿರಿ. ಕ್ಯಾನ್ಸರ್ ಅಲ್ಲ, ಕೆಟ್ಟ ರೋಗವಲ್ಲ, ಹುಡುಗನ ನಡತೆಗೂ ಇದಕ್ಕೂ ಸಂಬಂಧವಿಲ್ಲ, ಬಹುಶಃ ಹುಟ್ಟಿನಿಂದಲೇ ಇದ್ದದ್ದು ಎಂದರು. ನಡತೆಯ ಮಾತನ್ನು ನಾನು ಅವರಿಂದ ಎರಡು ಸಲ ಹೇಳಿಸಿದೆ.

ಬೆನ್ನಿಗೆ ಒಂದು ಸೂಜಿ, ಮೂತ್ರದ ದಾರಿಯಿಂದಲೇ ಒಂದು ದುರ್ಬೀನು, ಅರ್ಧ ಗಂಟೆಯೂ ಹಿಡಿಯಲಿಲ್ಲ; ತಮ್ಮ ಛಾವಣಿ ಹೋಯಿತು, ನೀರು ಹರಿದುಹೋಯಿತು. ಎರಡು ದಿನಕ್ಕೆ ನಳಿಕೆ ತೆಗೆದರು. ಅದೇ ಯಂತ್ರದ ಮೇಲೆ ಈ ಸಲ ಗೆರೆ ಗುಡ್ಡವಾಗಿ ಎದ್ದಿತು. ಶೇವಂತಿ ಆ ಕಾಗದವನ್ನು ಹಣೆಗೆ ಒತ್ತಿಕೊಂಡಳು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ, ಬಟ್ಟಲಿನಲ್ಲಿ ಬಿದ್ದ ವಸ್ತುವೂ ಇಲ್ಲ. ಇಷ್ಟೆಲ್ಲ ಹಾವಳಿ ಮಾಡಿದವರು ಹೋಗುವಾಗ ತೋರಿಸಲಿಕ್ಕೆ ಒಂದು ಗುರುತನ್ನೂ ಬಿಡದೆ ಹೋದಿರಿ. ಇದೂ ನನ್ನ ತಕರಾರಿನ ಭಾಗವೆಂದು ಪರಿಗಣಿಸಬೇಕು.

ಹೊರಡುವಾಗ ಡಾಕ್ಟರರು ಇನ್ನೊಂದು ಮಾತು ಹೇಳಿದರು. ತಾವು ಕೂತಿದ್ದ ಜಾಗ ಗಂಡಸಿನ ಬೀಜ ಬರುವ ದಾರಿಯ ಮಗ್ಗುಲಿನದು. ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಮಕ್ಕಳಾಗುತ್ತವೆ, ಆದರೂ ಮೂರು ತಿಂಗಳ ನಂತರ ಒಂದು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳೋಣ ಎಂದರು. ಈ ಮಾತು ಆಸ್ಪತ್ರೆಯ ಬಾಗಿಲಿನಲ್ಲೇ ಉಳಿಯಲಿ, ಚಿಮ್ಮಡಕ್ಕೆ ಹರಳಿನ ಕಥೆಯೇ ಸಾಕು ಎಂದು ನಾನು ತೀರ್ಮಾನಿಸಿದೆ. ನನ್ನ ಮಾತಿಗೆ ಈವರೆಗೆ ಎದುರಾಡದ ಹುಡುಗ ಮಿರಜದ ಸ್ಟ್ಯಾಂಡಿನಲ್ಲಿ ಚೀಲ ಕೆಳಗಿಟ್ಟು, "ಆಯಿ, ನೀ ಹೇಳು, ಇಲ್ಲಾ ನಾ ಹೇಳತೀನಿ. ಸುಳ್ಳ ಹೇಳಿ ತಾಳಿ ಕಟ್ಟಾಂವಲ್ಲ ನಾ" ಎಂದ. ಶೇವಂತಿ ನನ್ನ ಕಡೆ ನೋಡದೆ ಮಗನ ಚೀಲವನ್ನು ಎತ್ತಿಕೊಂಡಳು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇಂತಿವೆ. ತಾವು ಹುಟ್ಟಿನಿಂದಲೇ ಒಳಗಿದ್ದಿರೆಂದೂ, ಹುಡುಗ ಎಲ್ಲಿಗೂ ಹೋದವನಲ್ಲವೆಂದೂ, ಯಾವ ಹೆಣ್ಣಿಗೂ ಯಾವ ಲಗ್ನಕ್ಕೂ ಅಂಜಿದವನಲ್ಲವೆಂದೂ ಸಹಿ ಶಿಕ್ಕೆ ಹಾಕಿದ ಪ್ರಮಾಣಪತ್ರವೊಂದನ್ನು ಕೊಟ್ಟರೆ, ಅದಕ್ಕೆ ಕಟ್ಟು ಹಾಕಿಸಿ ಎರಡನೆಯ ಮತ್ತು ಮೂರನೆಯ ವೈದ್ಯರ ಕುರ್ಚಿಯ ಹಿಂದೆ ನಾನೇ ಮೊಳೆ ಹೊಡೆದು ಬರುತ್ತೇನೆ. ಮುಂದೆ ತಮ್ಮ ಬಳಗದವರು ಯಾರ ಮನೆಯ ಹುಡುಗನಲ್ಲಾದರೂ ನೆಲೆಸುವ ಇಚ್ಛೆಯಿದ್ದರೆ, ಕಿವಿಯ ಹಾಲೆಯ ಮೇಲೋ ಮೊಣಕೈಯ ಮೇಲೋ, ಅಜ್ಜಿಯರ ಕಣ್ಣಿಗೆ ಬೀಳುವ ಜಾಗವನ್ನೇ ಆರಿಸಿಕೊಳ್ಳಲಿ. ಆಗದಿದ್ದರೆ, ಗೋಡೆಯ ಬಳಿ ಬಹಳ ಹೊತ್ತು ನಿಲ್ಲುವ ಹುಡುಗನನ್ನು ಕಂಡು ನಗುವ ಮನೆಯವರಿಗೆ ಒಂದು ಚೀಟಿಯನ್ನಾದರೂ ಬರೆದು ಕಳಿಸಲಿ. ಕೊನೆಯದಾಗಿ, ನಾಳೆ ಬೆಳಿಗ್ಗೆ ತಾವು ಖುದ್ದಾಗಿ ಚಿಮ್ಮಡಕ್ಕೆ ಬಂದು, ಧರೆಪ್ಪನವರ ಪಡಸಾಲೆಯಲ್ಲಿ ನಿಂತು, ಆದದ್ದನ್ನೆಲ್ಲ ತಾವೇ ಹೇಳಬೇಕು. ಅಧಿಕಾರಿಗಳ ಮುಂದೆ ಎಂದೂ ತಡವರಿಸದ ನನ್ನ ನಾಲಿಗೆ ಈ ಕೆಲಸಕ್ಕೆ ಏಳುತ್ತಿಲ್ಲ.

ತಾವು ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ನನ್ನ ಅರ್ಜಿಗಳಿಗೆ ಸಿಕ್ಕ ಉತ್ತರಗಳೆಲ್ಲ ಇಂಥವೇ. ನಾಳೆ ಒಂಬತ್ತರ ಬಸ್ಸಿಗೆ ನಾನೇ ಹೋಗುತ್ತೇನೆ.

ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ ಪದ್ಧತಿಯ ಪ್ರಕಾರ ತಮ್ಮ ವಿಶ್ವಾಸಿ,
ಸತ್ಯವ್ವ,
ಜಮಖಂಡಿ.

ತಾಜಾಕಲಮು: ಹೋಗಿ ಬಂದೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಪರೀಕ್ಷೆಯ ವಿಷಯವನ್ನೂ ಬಿಡಲಿಲ್ಲ. ಧರೆಪ್ಪನವರು, "ಹರಳ ಸುಳ್ಳ, ಹೇಳಿದ ಬ್ಯಾನಿ ಸುಳ್ಳ. ಇನ್ನ ನಿಮ್ಮ ಮನ್ಯಾಗ ಖರೆ ಏನೈತ್ರಿ ಅವ್ವಾರ?" ಎಂದು ಕೇಳಿದರು. ಆಗ ವೈಶಾಲಿ ಅಡುಗೆಮನೆಯಿಂದ ಹೊರಗೆ ಬಂದು, ನಾನು ಹೇಳಿದ್ದು ಒಳಗೆ ಸರಿಯಾಗಿ ಕೇಳಿಸಲಿಲ್ಲ, "ಇನ್ನೊಮ್ಮೆ ಜೋರಾಗಿ ಹೇಳ್ರಿ ಆಯಿ" ಎಂದಳು. ಆ ಮನೆಯ ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಸೀರೆಯ ಪರದೆ ಬಿಟ್ಟರೆ ಬೇರೇನೂ ಇಲ್ಲ. ಆದರೂ ಇನ್ನೊಮ್ಮೆ ಹೇಳಿದೆ, ಓಣಿಗೆ ಕೇಳುವಂತೆ. ಪೂರ್ತಿ ಕೇಳಿಸಿಕೊಂಡು ಅವಳು ತಂದೆಯ ಕಡೆ ತಿರುಗಿ, "ಲಗ್ನದ ತಾರೀಖ ಆ ಪರೀಕ್ಷಾಕ್ಕಿಂತ ಮೊದಲ ಇಡ್ರಿ ಅಪ್ಪಾ. ಕಾಗದ ನೋಡಿ ತಗೊಳ್ಳಾಕ ಇದೇನ ನೌಕರಿ ಅಲ್ಲ" ಎಂದಳು. ಪರೀಕ್ಷೆಗೆ ಹದಿನೈದು ದಿನ ಮೊದಲಿನ ಮುಹೂರ್ತ ಸಿಕ್ಕಿದೆ; ಮಿರಜಕ್ಕೆ ಗಂಡನ ಜೊತೆ ತಾನೇ ಹೋಗುತ್ತಾಳಂತೆ, ನಾನು ಬರುವುದು ಬೇಡವಂತೆ. ಆದ್ದರಿಂದ ತಾವು ಮತ್ತೆ ಛಾವಣಿ ಹೊದಿಸಿಕೊಳ್ಳುವ ವಿಚಾರದಲ್ಲಿದ್ದರೆ, ಇನ್ನು ಮುಂದೆ ತಮಗೆ ಗಂಟು ಬೀಳುವವಳು ನಾನಲ್ಲ, ಅವಳು. ಅವಳ ಮುಂದೆ ಒಂದೇ ಮಾತನ್ನು ಎರಡು ಸಲ ಹೇಳಿ ಬಂದವಳಾಗಿ ತಿಳಿಸುತ್ತಿದ್ದೇನೆ: ಬರಬೇಡಿ.